ಯುದ್ಧದ ಸುದ್ದಿ ಇನ್ನು ಮುಂದೆ ತಡವಾಗಿ ಬರುತ್ತದೆ: ಚಂದಾದಾರರಿಗೆ ಒಂದು ಪತ್ರ

ಕಲಬುರಗಿ

ಚಂದಾದಾರರೆಲ್ಲರಿಗೂ ನಮಸ್ಕಾರ.

ಗಂಜ್ ಮಾರುಕಟ್ಟೆಯ ತೊಗರಿ, ಕಡಲೆ, ಹೆಸರಿನ ಧಾರಣೆ ಎಂದಿನಂತೆ ಟೆಂಡರ್ ಮುಗಿದ ಕೂಡಲೇ ನಿಮ್ಮ ವಾಟ್ಸಾಪ್‌ಗೆ ಬರುತ್ತದೆ. ಅದರಲ್ಲಿ ಬದಲಾವಣೆ ಇಲ್ಲ. ಬದಲಾಗುವುದು ಧಾರಣೆಯ ಜೊತೆ ನಾವು ಕಳಿಸುವ ಸುದ್ದಿ, ಅದರಲ್ಲೂ ಯುದ್ಧದ ಸುದ್ದಿ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ, ಎಲ್ಲೇ ಯುದ್ಧದ ಮಾತು ಜೋರಾದರೂ ನಮ್ಮಿಂದ ‘ಬ್ರೇಕಿಂಗ್’ ಬರುವುದಿಲ್ಲ. ಬೆಳಿಗ್ಗೆ ಏಳಕ್ಕೊಂದು, ಸಂಜೆ ಏಳಕ್ಕೊಂದು ಮೆಸೇಜ್, ಅಷ್ಟೇ.

“ಏನ್ರೀ, ಟೀವ್ಯಾಗೆಲ್ಲಾ ಬರ್ಲಿಕತ್ತದ, ನಿಮ್ದ್ಯಾಕ ಇನ್ನಾ ಬಂದಿಲ್ಲ?” ಎಂದು ಫೋನ್ ಮಾಡುವವರು ಇದ್ದೇ ಇರುತ್ತೀರಿ. ಅದಕ್ಕೇ ಕಾರಣ ಮೊದಲೇ ಹೇಳಿಬಿಡುತ್ತೇವೆ.

ಭಾರತ-ಪಾಕಿಸ್ತಾನ ಸಂಘರ್ಷ ನಡೆದಿದ್ದ 2025ರ ಮೇ 8ರ ರಾತ್ರಿ ನೆನಪಿದೆ ಅಲ್ವಾ? ಕರಾಚಿ ಬಂದರು ನಾಶವಾಯಿತು ಎಂದು ಹಲವು ಚಾನೆಲ್‌ಗಳು ಕೂಗಿದವು. ಆಗ ಓಡಾಡಿದ ವಿಡಿಯೊಗಳಲ್ಲಿ ಒಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅದೇ ವರ್ಷ ಬಿದ್ದ ವಿಮಾನದ್ದು. ಮರುದಿನ ಬಂದರಿನವರದೇ ಎಕ್ಸ್ ಖಾತೆಯಲ್ಲಿ ಭಾರಿ ಹಾನಿ ಎಂಬ ಪೋಸ್ಟ್ ಕಾಣಿಸಿತು. ಆಮೇಲೆ ಖಾತೆ ಹ್ಯಾಕ್ ಆಗಿತ್ತು ಎಂದರು. ಬಂದರು ಇದ್ದ ಹಾಗೇ ಇತ್ತು. ಜಲಂಧರ್‌ನಲ್ಲಿ ಡ್ರೋನ್ ದಾಳಿ ಎಂದು ಹರಿದಾಡಿದ್ದು ಹೊಲಕ್ಕೆ ಬಿದ್ದ ಬೆಂಕಿ ಎಂದು ಕೇಂದ್ರ ಸರ್ಕಾರದ ಸುದ್ದಿ ಪರಿಶೀಲನಾ ಘಟಕ ಪಿಐಬಿ ಫ್ಯಾಕ್ಟ್ ಚೆಕ್ ಹೇಳಿತು. ಎಟಿಎಂ ಎರಡು ಮೂರು ದಿನ ಬಂದ್ ಎನ್ನುವುದೂ ಸುಳ್ಳೇ. ನಿಮ್ಮಲ್ಲೇ ಕೆಲವರು ಅಂಗಡಿ ಬಿಟ್ಟು ದುಡ್ಡು ತೆಗೆಯಲು ಓಡಿದ್ದು ನಮಗೆ ಗೊತ್ತು. ಆಗ ನಡೆದ ನಾಗರಿಕ ರಕ್ಷಣೆಯ ಮಾಕ್ ಡ್ರಿಲ್ ಪಟ್ಟಿಯಲ್ಲಿ ರಾಯಚೂರಿನ ಹೆಸರು ಕಂಡಾಗ ಬಂದ ಫೋನ್‌ಗಳಿಗಂತೂ ಲೆಕ್ಕವಿಲ್ಲ. ಡ್ರಿಲ್ ಅಂದರೆ ತಯಾರಿ, ದಾಳಿ ಅಲ್ಲ ಎಂದು ಹೇಳಿ ಹೇಳಿ ಸಾಕಾಯಿತು.

ಹಾಗಾದರೆ ಸರ್ಕಾರ ಹೇಳಿದ್ದನ್ನಷ್ಟೇ ಹಾಕಿ ಎಂದು ಗಂಜ್‌ನ ಕೆಲವು ಅಡತಿ ವ್ಯಾಪಾರಿಗಳು ಸಲಹೆ ಕೊಟ್ಟರು. ಅದರಿಂದಲೂ ಕೆಲಸ ಆಗುವುದಿಲ್ಲ. 2022ರ ಫೆಬ್ರುವರಿ 15ರಂದು ರಷ್ಯಾದ ರಕ್ಷಣಾ ಇಲಾಖೆ, ಉಕ್ರೇನ್ ಪಕ್ಕದಲ್ಲಿದ್ದ ಕೆಲವು ಪಡೆಗಳು ವಾಪಸ್ ಹೋಗುತ್ತಿವೆ ಎಂದಿತು. ಇಲ್ಲ, ದಾಳಿ ಯಾವಾಗ ಬೇಕಾದರೂ ಆಗಬಹುದು ಎಂದು ಅಮೆರಿಕ ಹೇಳುತ್ತಲೇ ಇತ್ತು. 24ಕ್ಕೆ ಯುದ್ಧ ಶುರುವಾಯಿತು. ಅಮೆರಿಕ ಹೇಳಿದ್ದೇ ನಿಜ ಅಂದುಕೊಳ್ಳೋಣವೇ? 2003ರ ಫೆಬ್ರುವರಿ 5ರಂದು ಅದೇ ದೇಶದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯಲ್ಲಿ ಕೂತು, ಇರಾಕ್ ಬಳಿ ಸಮೂಹನಾಶಕ ಅಸ್ತ್ರಗಳಿವೆ ಎಂದು ಚಿತ್ರ ಸಮೇತ ತೋರಿಸಿದರು. ಮಾರ್ಚ್ 20ಕ್ಕೆ ಯುದ್ಧ. ಆ ಅಸ್ತ್ರಗಳ ದಾಸ್ತಾನು ಸಿಗಲೇ ಇಲ್ಲ. ಯುದ್ಧಕ್ಕೆ ಮುಂಚಿನ ದಿನಗಳಲ್ಲಿ ದೊಡ್ಡವರ ಮಾತಿಗೂ ಒಂದು ಉದ್ದೇಶ ಇರುತ್ತದೆ ನೋಡಿ.

ಅದಕ್ಕೆ ನಮ್ಮ ಮೆಸೇಜ್‌ನಲ್ಲಿ ಪ್ರತಿ ಸಾಲಿನ ಮೊದಲು ಯಾರು ಹೇಳಿದರು, ಎಷ್ಟು ಗಂಟೆಗೆ ಹೇಳಿದರು ಎಂದು ಇರುತ್ತದೆ. ‘ಮೂಲಗಳ ಪ್ರಕಾರ’ ಎಂದಷ್ಟೇ ಇರುವ ಸುದ್ದಿ ಬರುವುದಿಲ್ಲ. ಹತ್ತು ಚಾನೆಲ್ ಒಂದೇ ಮಾತು ಹೇಳಿದರೂ ಹತ್ತೂ ಒಂದೇ ಕಡೆಯಿಂದ ಎತ್ತಿದ್ದರೆ ಅದನ್ನು ಒಂದೇ ಎಂದು ಎಣಿಸುತ್ತೇವೆ. ಎರಡು ದೇಶಗಳ ಹೇಳಿಕೆ ಬೇರೆ ಬೇರೆ ಇದ್ದರೆ ಎರಡನ್ನೂ ಹಾಕುತ್ತೇವೆ, ತೀರ್ಪು ಕೊಡುವುದಿಲ್ಲ.

ನಿಮಗೆ ನಿಜವಾಗಿ ಬೇಕಾದ್ದು ಬೇರೆ, ಅದು ನಮಗೂ ಗೊತ್ತು. ಡೀಸೆಲ್ ಸಿಗುತ್ತದೋ ಇಲ್ಲವೋ, ಲಾರಿ ಹೋಗುತ್ತದೋ ಇಲ್ಲವೋ, ಎಣ್ಣೆ ರೇಟು ಏರುತ್ತದೋ. ಇಂಥದ್ದಕ್ಕೆ ನೋಡಿ ಹೇಳುವ ದಾರಿ ಇದೆ. ಆ ಮೇ ತಿಂಗಳಲ್ಲಿ 32 ವಿಮಾನ ನಿಲ್ದಾಣ ಮುಚ್ಚಿದ್ದು ಆದೇಶದಲ್ಲೇ ಇತ್ತು. ಇಂಧನ ಸಾಕಷ್ಟಿದೆ, ಗಾಬರಿ ಬೇಡ ಎಂದು ಇಂಡಿಯನ್ ಆಯಿಲ್ ತನ್ನ ಹೆಸರಲ್ಲೇ ಹೇಳಿತ್ತು. ಉಕ್ರೇನ್ ಯುದ್ಧದಲ್ಲಿ ಸೂರ್ಯಕಾಂತಿ ಎಣ್ಣೆ ತುಟ್ಟಿಯಾಗಿದ್ದು ಗಾಳಿಮಾತಿನಿಂದಲ್ಲ, ನಮಗೆ ಎಣ್ಣೆ ಬರುತ್ತಿದ್ದುದೇ ಜಾಸ್ತಿ ಅಲ್ಲಿಂದ. ಈ ಥರದ ಆದೇಶ, ಹೇಳಿಕೆ ಕೈಗೆ ಸಿಕ್ಕರೆ ಮಾತ್ರ ಏಳು ಗಂಟೆಗೆ ಕಾಯದೆ ತಕ್ಷಣ ಕಳಿಸುತ್ತೇವೆ. ಕಳಿಸಿದ್ದು ಆಮೇಲೆ ಸುಳ್ಳಾದರೆ ಹಳೇ ಮೆಸೇಜ್ ಅಳಿಸುವುದಿಲ್ಲ, ತಿದ್ದುಪಡಿಯನ್ನು ಎಲ್ಲರಿಗೂ ಕಳಿಸುತ್ತೇವೆ.

ಇನ್ನೊಂದು ವಿನಂತಿ. ವಾಡಿ ಜಂಕ್ಷನ್‌ನಲ್ಲಿ ಮಿಲಿಟರಿ ಟ್ರಕ್ ಹೊತ್ತ ಗೂಡ್ಸ್ ಗಾಡಿ ಕಂಡರೆ ವಿಡಿಯೊ ಮಾಡಿ ನಮಗೆ ಕಳಿಸಬೇಡಿ. ಸೇನೆಯ ಓಡಾಟವನ್ನು ನೇರವಾಗಿ ತೋರಿಸಬೇಡಿ ಎಂದು ಕೇಂದ್ರ ಸರ್ಕಾರ 2025ರ ಏಪ್ರಿಲ್ 26ರಂದೇ ಮಾಧ್ಯಮಗಳಿಗೆ ಹೇಳಿದೆ. ಎಷ್ಟೇ ಚೆನ್ನಾಗಿದ್ದರೂ ನಾವು ಅದನ್ನು ಹಾಕುವುದಿಲ್ಲ. ಸುಮ್ನೆ ನಿಮ್ಮ ಡೇಟಾ ದಂಡ.

ಚಂದಾ ಹಣ ಹಿಂದಿನಷ್ಟೇ. ಈ ಹೊಸ ರೀತಿ ಬೇಡ ಎನ್ನುವವರು ತಿಂಗಳ ಕೊನೆಯೊಳಗೆ ತಿಳಿಸಿದರೆ ಉಳಿದ ತಿಂಗಳುಗಳ ದುಡ್ಡು ವಾಪಸ್ ಕೊಡುತ್ತೇವೆ. ಬರೀ ಧಾರಣೆ ಸಾಕು, ಸುದ್ದಿ ಬೇಡವೇ ಬೇಡ ಎನ್ನುವವರು ‘ಧಾರಣೆ’ ಎಂದು ಮೆಸೇಜ್ ಮಾಡಿ. ಅವರಿಗೆ ಚಂದಾ ಅರ್ಧ.

ಇಂತಿ,
ನಿಮ್ಮ ಧಾರಣೆ ಬಳಗ