ನಂದಿಯವರೆಗೆ ಹತ್ತಿದೆ, ಥ್ಯಾಂಕ್ಸ್ ಹೇಳಬೇಕಿದೆ

ಹೋದ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ನಂದಿಯವರೆಗೆ ಹೋಗಿಬಂದೆ. ಸಾವಿರ ಮೆಟ್ಟಿಲಲ್ಲಿ ಸುಮಾರು 700. ಡಾಕ್ಟರ್ ಒಪ್ಪಿದ ಮೇಲೇ ಹೊರಟಿದ್ದು, ಗಾಬರಿ ಬೇಡ. ನನಗೆ ಹಾರ್ಟ್ ಅಟ್ಯಾಕ್ ಆದ ಕಥೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬಿಚ್ಚುವುದಿಲ್ಲ.

ಹೃದಯದ ರಕ್ತನಾಳ ತೆರೆದಿಡಲು ಸ್ಟೆಂಟ್ ಅನ್ನೋ ಪುಟ್ಟ ಕೊಳವೆ ಹಾಕಿದ ಡಾಕ್ಟರಿಗೆ, ವಾರ್ಡಿನ ಸಿಸ್ಟರ್‌ಗಳಿಗೆ, ರಜೆ ಹಾಕಿ ಓಡಿಬಂದ ತಮ್ಮನಿಗೆ, ಉಪ್ಪು ಕಮ್ಮಿಯಾದ ಸಾರನ್ನು ಗೊಣಗದೆ ಉಂಡ ಮನೆಯವರಿಗೆ, ಆಫೀಸಿನಲ್ಲಿ ನನ್ನ ಕೆಲಸ ಹಂಚಿಕೊಂಡವರಿಗೆ ದೊಡ್ಡ ನಮಸ್ಕಾರ.

ಇನ್ನು ಕೆಳಗಿನ ಮನೆಯ ಅಕ್ಕ. ಬ್ಲೌಸ್ ಹೊಲಿಯುವವರು. ಮೊದಲೆಲ್ಲ ನಮ್ಮಿಬ್ಬರದು ನೀರಿನ ಮೋಟರ್ ವಿಷಯಕ್ಕಷ್ಟೇ ಮಾತು.

ಆಸ್ಪತ್ರೆಯಿಂದ ಬಂದು ಕೆಲವು ವಾರವಾಗಿತ್ತು. ಮನೆಯವರು ಊರಲ್ಲಿರಲಿಲ್ಲ. ರಾತ್ರಿ ಎದೆ ಡವಡವ ಅನ್ನತೊಡಗಿತು, ಕೈಯೆಲ್ಲ ತಣ್ಣಗೆ. ಅಕ್ಕನೇ ಆಟೋ ತರಿಸಿ ಕರೆದುಕೊಂಡು ಹೋದರು. ಇಸಿಜಿ, ರಕ್ತಪರೀಕ್ಷೆ ಎಲ್ಲ ಸರಿಯಿತ್ತು. 'ಏನೂ ಇಲ್ಲ, ಮನೆಗೆ ಹೋಗಿ' ಅಂದರು. ಏನೂ ಇಲ್ಲದಿದ್ದರೆ ಇದೇನು ಅಂತ ಯಾರೂ ಹೇಳಲಿಲ್ಲ.

ವಾಪಸ್ ಬಂದ ಮೇಲೆ ಅಕ್ಕ ತಮ್ಮ ಮನೆಗೆ ಹೋಗಿ ಮಲಗಲಿಲ್ಲ. ಹೊಲಿಗೆ ಚೀಲ ತಂದು ನನ್ನ ಮಂಚದ ಪಕ್ಕ ನೆಲದ ಮೇಲೆ ಕೂತರು. ಲೈಟ್ ಆರಿಸಲಿಲ್ಲ. ಒಂದು ಹಸಿರು ಬ್ಲೌಸಿಗೆ ಹುಕ್ಕು ಹಾಕುತ್ತಾ, 'ನಾನು ದಾರ ಎಳೀತೀನಿ, ಅಷ್ಟು ಹೊತ್ತೂ ಉಸಿರು ಬಿಡ್ತಾ ಇರು. ತಗೊಳ್ಳೋದು ತಾನಾಗೇ ಆಗತ್ತೆ' ಅಂದರು. ಸೂಜಿ ಚುಚ್ಚೋದು, ದಾರವನ್ನು ಮೊಣಕೈ ಚಾಚುವವರೆಗೂ ನಿಧಾನಕ್ಕೆ ಎಳೆಯೋದು. ನಾನು ಉಸಿರು ಬಿಡೋದು. ಆ ಬ್ಲೌಸ್ ಮುಗಿಯಿತು, ಇನ್ನೊಂದು ತೆಗೆದರು. ಬೆಳಗಿನ ಹಾಲು ಬರುವವರೆಗೂ ಇದೇ.

ಉಸಿರನ್ನು ಉದ್ದಕ್ಕೆ ಬಿಟ್ಟಾಗ ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರದ ಮೂಲಕ ಹೃದಯದ ಬಡಿತ ನಿಧಾನವಾಗುತ್ತದೆ ಅಂತ ಆಮೇಲೆ ಯೋಗ ಹೇಳಿಕೊಡುವವರು ವಿವರಿಸಿದರು. ಅಕ್ಕನಿಗೆ ಹೇಳಿದರೆ, 'ಆ ನರದ ಹೆಸರು ನಂಗೇನ್ ಗೊತ್ತು, ನಿನ್ನ ಸುಮ್ನೆ ಬಿಟ್ಟು ಹೋಗೋಕೆ ಮನಸ್ಸಾಗ್ಲಿಲ್ಲ' ಅಂದುಬಿಟ್ಟರು.

ಒಂದು ಮಾತು ಹೇಳಿಬಿಡುತ್ತೇನೆ. ಆವತ್ತು ಸಾಯುವ ಭಯ ಅಷ್ಟಿರಲಿಲ್ಲ. ಬದುಕಿದರೆ ಹೀಗೇ ಹೆದರಿಕೊಂಡು ಬದುಕಬೇಕಲ್ಲಾ ಅನ್ನೋದೇ ಜಾಸ್ತಿ ಇತ್ತು. ಮಕ್ಕಳ ಮುಖ ನೋಡಿದರೂ ಏನೂ ಅನಿಸುತ್ತಿರಲಿಲ್ಲ. ಇದನ್ನು ಇಲ್ಲಿವರೆಗೆ ಯಾರಿಗೂ ಹೇಳಿಲ್ಲ, ಅಕ್ಕನಿಗೆ ಬಿಟ್ಟು.

ಹಾರ್ಟ್ ಅಟ್ಯಾಕ್ ಆದ ಮೇಲೆ ಆತಂಕ, ಖಿನ್ನತೆ ಬಹಳ ಜನರಿಗೆ ಬರುತ್ತದಂತೆ. ಅಕ್ಕನ ಒತ್ತಾಯಕ್ಕೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಅಲ್ಲಿಂದ ಕೌನ್ಸೆಲಿಂಗ್ ಶುರುವಾಯಿತು. ಆ ದನಿಗೂ ಥ್ಯಾಂಕ್ಸ್.

ಆರೋಗ್ಯ ಅಂದರೆ ಬರೀ ಕಾಯಿಲೆ ಇಲ್ಲದಿರುವುದಲ್ಲ, ದೇಹ, ಮನಸ್ಸು, ಜನರ ಒಡನಾಟ ಮೂರೂ ಚೆನ್ನಾಗಿರುವುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನದಲ್ಲೇ ಇದೆ. ಅದು 1948ರಿಂದ ಜಾರಿಯಲ್ಲಿದೆ. ನಾವು ದೇಹದ್ದು ಡಾಕ್ಟರಿಗೆ, ಮನಸ್ಸಿನದು ದೇವರಿಗೆ ಅಂತ ಹಂಚಿಬಿಡುತ್ತೇವೆ. ಮೂರನೆಯದನ್ನು ಯಾರೂ ಕೇಳುವುದಿಲ್ಲ, ಅಲ್ವಾ? ನನಗೆ ಮೊದಲು ಸಿಕ್ಕಿದ್ದು ಆ ಮೂರನೆಯದು. ಕುಕ್ಕರಹಳ್ಳಿ ಕೆರೆ ಏರಿ ಮೇಲಿನ ವಾಕಿಂಗ್, ಹತ್ತು ಗಂಟೆಗೆ ನಿದ್ದೆ, ರಾಗಿ ಅಂಬಲಿ ಎಲ್ಲ ಅದರ ಬೆನ್ನಿಗೇ ಬಂದವು. ದಿನಕ್ಕೆ 5 ಗ್ರಾಮಿಗಿಂತ ಕಮ್ಮಿ ಉಪ್ಪು ಅನ್ನೋದೊಂದೇ ಈಗಲೂ ಕಷ್ಟ. ಉಪ್ಪಿನಕಾಯಿ ಭರಣಿ ಅಕ್ಕನ ಮನೆಯಲ್ಲಿದೆ, ಕೇಳಿದರೂ ಕೊಡುವುದಿಲ್ಲ.

ಹಾಗಂತ 'ಅರ್ಜುನ ಚಕ್ಕೆ ಕಷಾಯ ಕುಡಿ, ಮಾತ್ರೆ ಬಿಡು' ಅನ್ನೋ ವಾಟ್ಸಾಪ್ ಸಲಹೆ ದಯವಿಟ್ಟು ಕಳಿಸಬೇಡಿ. ಸ್ಟೆಂಟ್ ಇರುವವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗೇ ನಿಲ್ಲಿಸಿದರೆ ಅಲ್ಲೇ ರಕ್ತ ಹೆಪ್ಪುಗಟ್ಟಬಹುದು. ಪ್ರಾಣಾಯಾಮ ಮಾಡುತ್ತೇನೆ, ಮಾತ್ರೆಯನ್ನೂ ನುಂಗುತ್ತೇನೆ.

ಅಕ್ಕನಿಗೆ ಏನು ಕೊಡೋಣ ಅಂತ ತುಂಬ ಜನ ಕೇಳಿದ್ದೀರಿ. ದುಡ್ಡು ಕೊಡಲು ಹೋದರೆ ಬೈಸಿಕೊಳ್ಳುತ್ತೀರಿ, ನಾನು ಬೈಸಿಕೊಂಡಾಗಿದೆ. ಬ್ಲೌಸ್ ಹೊಲಿಯಲು ಕೊಡಿ. ಹಬ್ಬದ್ದಾದರೆ ಸ್ವಲ್ಪ ಮೊದಲೇ ಕೊಡಿ, ಮತ್ತೆ ಚೌಕಾಸಿ ಮಾಡಬೇಡಿ.