ಕರಿಬೇವಿನ ಚಿಟ್ಟೆ, ಜುಮ್ಮನಕಾಯಿ ಚಿಟ್ಟೆ

ಸಂಪಾದಕರೇ,

ಅಪರೂಪದ ಚಿಟ್ಟೆಯ ಫೋಟೋ ಪತ್ರಿಕೆಯಲ್ಲಿ ಬಂದರೆ ಎಲ್ಲರೂ 'ಎಷ್ಟು ಚಂದ' ಅನ್ನುತ್ತಾರೆ. ಅದು ಯಾಕೆ ಅಪರೂಪ ಅಂತ ಕೇಳುವವರು ಕಮ್ಮಿ.

ನಮ್ಮ ಹಿತ್ತಿಲಿನ ಕರಿಬೇವಿನ ಗಿಡದಲ್ಲಿ ನಿಂಬೆ ಚಿಟ್ಟೆಯ ಹುಳ ಯಾವಾಗಲೂ ಇದ್ದದ್ದೇ. ಚಿಕ್ಕದಿದ್ದಾಗ ಥೇಟ್ ಹಕ್ಕಿ ಹಿಕ್ಕೆ, ಬೆಳೆದ ಮೇಲೆ ಎಲೆಹಸಿರು. ಬೆರಳು ತಾಗಿಸಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೊಂಬು ಚಾಚಿ ಘಾಟು ಬಿಡುತ್ತದೆ, ಅಮ್ಮ 'ಥೂ' ಅಂತ ಕೈ ಹಿಂದೆ ತೆಗೆಯುತ್ತಾರೆ. ಇದಕ್ಕೆ ಕರಿಬೇವಾದರೂ ಸರಿ, ನಿಂಬೆ, ಬಿಲ್ಪತ್ರೆ ಆದರೂ ಸರಿ. ಇವನ್ನೆಲ್ಲ ನಾವೇ ಮನೆ ಮನೆಯಲ್ಲಿ ನೆಟ್ಟು ನೀರು ಹಾಕುತ್ತೇವೆ, ಹಾಗಿರುವಾಗ ಆ ಚಿಟ್ಟೆಗೆ ಏನು ಕಷ್ಟ? 2004ರ ಹೊತ್ತಿಗೆ ಅದು ಕೆರಿಬಿಯನ್ ದ್ವೀಪಗಳಿಗೂ ಹೋಗಿ, ಅಲ್ಲಿನ ನಿಂಬೆ, ಕಿತ್ತಳೆ ಬೆಳೆಗಾರರಿಗೆ ತಲೆನೋವಾಗಿದೆ!

ಅದರದೇ ಹತ್ತಿರದ ಬಂಧು ಮಲಬಾರ್ ಬ್ಯಾಂಡೆಡ್ ಪೀಕಾಕ್. ಕಪ್ಪು ರೆಕ್ಕೆ, ನಡುವೆ ನವಿಲು ಬಣ್ಣದ ಅಗಲವಾದ ಪಟ್ಟಿ, ಹಿಂದೆ ಬಾಲ. ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. 2018ರಲ್ಲಿ ಕೇರಳ ಇದನ್ನು ರಾಜ್ಯದ ಚಿಟ್ಟೆ ಮಾಡಿಕೊಂಡಿತು. ನಮ್ಮೂರಲ್ಲಿ ನಾನು ಸರಿಯಾಗಿ ನೋಡಿದ್ದು ಎರಡೇ ಸಲ, ಮಳೆ ಬಿಟ್ಟ ಮೇಲೆ, ಅದೂ ಮರದ ತುದಿಯಲ್ಲಿ ಭರ್ರನೆ ಹಾರಿ ಹೋಗುವಾಗ. ಇದರ ಹುಳಕ್ಕೆ ಮುಖ್ಯವಾಗಿ ಬೇಕಾದದ್ದು ಜುಮ್ಮನಕಾಯಿ ಮರದ ಎಲೆ. ಹೌದು, ನಾವು ಬಂಗಡೆ ಸಾರಿಗೆ ಹಾಕುವ ಅದೇ ಜುಮ್ಮನಕಾಯಿ.

ಆ ಮರಕ್ಕೆ ಬುಡದಿಂದ ತುದಿಯವರೆಗೆ ಮುಳ್ಳು. ಹತ್ತುವುದು ಕಷ್ಟ, ಕೆಳಗೆ ದನ ಕಟ್ಟುವ ಹಾಗಿಲ್ಲ, ಆದ್ದರಿಂದ ತೋಟ ಮಾಡುವವರು ಮೊದಲು ಕಡಿಯುವುದು ಅದನ್ನೇ. ನಮ್ಮ ಪಕ್ಕದ ಬ್ಯಾಣದಲ್ಲಿದ್ದ (ಹುಲ್ಲು ಬೆಳೆಯುವ ಜಾಗ) ಮೂರು ಮರ ಕಳೆದ ಬೇಸಿಗೆಯಲ್ಲಿ ಹೋದವು. ಬೈಯಲೂ ಮನಸ್ಸಿಲ್ಲ, ನಾವೂ ಒಂದು ಕಡಿದವರೇ. ಈಗ ಪೇಟೆಯಿಂದ ಒಣಗಿದ ಕಾಯಿ ತರುತ್ತೇವೆ.

ಸಸಿ ಕೇಳಲು ಹತ್ತಿರದ ನರ್ಸರಿಗೆ ಹೋದರೆ ಅಕೇಶಿಯಾ ಇದೆ, ಸಾಗವಾನಿ ಇದೆ, 'ಮುಳ್ಳಿನ ಮರ ಯಾರು ಒಯ್ಯುತ್ತಾರೆ' ಅಂತ ನಕ್ಕರು. ಸುಮ್ನೆ ಒಂದು ಮಳೆಗಾಲ ನೂರು ಸಸಿ ಮಾಡಿ ನೋಡಲಿ, ಒಯ್ಯುವವರಲ್ಲಿ ನಾನು ಮೊದಲಿಗ. ಬೀಜಕ್ಕೆ ದುಡ್ಡೂ ಬೇಡ. ಇನ್ನೂ ಮರ ಉಳಿಸಿಕೊಂಡವರ ಮನೆಯಲ್ಲಿ ಕೇಳಿದರಾಯಿತು. ಸಾರಿಗೆ ಹೋಗುವುದು ಸಿಪ್ಪೆ ಮಾತ್ರ, ಒಳಗಿನ ಕಪ್ಪು ಬೀಜ ಹೇಗೂ ಬಿಸಾಡುವುದೇ ಅಲ್ವಾ?

— ಓದುಗ, ಹೊನ್ನಾವರ ತಾಲೂಕು