ರೆಫರಿಯ ವಿವರಣೆ ಅಭಿಮಾನಿಗಳಿಗೂ ಸಿಗಲಿ

ಮಾನ್ಯ ಸಂಪಾದಕರೇ,

ನಮ್ಮ ಫುಟ್‌ಬಾಲ್‌ನಲ್ಲಿ ರೆಫರಿಯ ತೀರ್ಪೊಂದು ವಿವಾದವಾದಾಗಲೆಲ್ಲ ‘ವಿಎಆರ್ (ವಿಡಿಯೊ ಸಹಾಯಕ ರೆಫರಿ ವ್ಯವಸ್ಥೆ) ತನ್ನಿ’ ಎಂಬ ಕೂಗು ಏಳುತ್ತದೆ. ವಿಡಿಯೊ ನೋಡಿ ತೀರ್ಪು ಕೊಟ್ಟರೆ ಜಗಳವೇ ಇರುವುದಿಲ್ಲ ಎಂದು ಬಹಳ ಮಂದಿ ನಂಬಿದ್ದಾರೆ. ವಿಡಿಯೊ ಪರಿಶೀಲನೆ ಬೇಕು ಎನ್ನುವವರಲ್ಲಿ ನಾನೂ ಒಬ್ಬಳು. ಆದರೆ ಅದಕ್ಕಿಂತ ಮೊದಲು, ಅದಕ್ಕಿಂತ ಕಡಿಮೆ ಖರ್ಚಿನಲ್ಲಿ ಆಗಬೇಕಾದ ಕೆಲಸವೊಂದಿದೆ. ರೆಫರಿ ಯಾಕೆ ಹಾಗೆ ತೀರ್ಮಾನಿಸಿದರು ಎಂಬುದನ್ನು ದುಡ್ಡು ಕೊಟ್ಟು ಬಂದ ಪ್ರೇಕ್ಷಕನಿಗೆ ತಿಳಿಸುವುದು. ಈ ಬೇಡಿಕೆಯನ್ನು ಯಾರೂ ಗಟ್ಟಿಯಾಗಿ ಎತ್ತುತ್ತಿಲ್ಲವೆಂಬ ಸಂಕಟದಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದವಳು. ಮನೆ ಹಲಸೂರಿನಲ್ಲಿ, ಗೌತಮಪುರಕ್ಕೆ ಕೂಗಳತೆಯ ದೂರ. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಬಡಾವಣೆ ಅದು. ಅಲ್ಲಿನ ಮಕ್ಕಳಿಗೆ ನಡೆಯುವುದಕ್ಕೂ ಚೆಂಡು ಒದೆಯುವುದಕ್ಕೂ ಹೆಚ್ಚು ಅಂತರವಿರುವುದಿಲ್ಲ. ಶಾಲಾ ಪಂದ್ಯಾವಳಿಗಳಲ್ಲಿ ವರ್ಷಗಟ್ಟಲೆ ಸೀಟಿ ಹಿಡಿದು ಓಡಿದ್ದೇನೆ. ನನ್ನ ಅಳಿಯ ಕೋಯಿಕ್ಕೋಡಿನವನು, ಕೇರಳ ಬ್ಲಾಸ್ಟರ್ಸ್ ಅಭಿಮಾನಿ. ಮಗಳು ಮತ್ತು ನಾನು ಬೆಂಗಳೂರು ಎಫ್‌ಸಿ ಕಡೆ. ಹೀಗಾಗಿ 2023ರ ಮಾರ್ಚ್ 3ರ ರಾತ್ರಿಯ ಜಗಳ ಕಂಠೀರವ ಕ್ರೀಡಾಂಗಣದಲ್ಲಿ ಮುಗಿಯಲಿಲ್ಲ. ನಮ್ಮ ಊಟದ ಮೇಜಿಗೂ ಬಂತು. ಇವತ್ತಿಗೂ ಅದು ಪೂರ್ತಿ ತೀರಿಲ್ಲ.

ಅಂದು ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ನಾಕೌಟ್ ಪಂದ್ಯ. ತೊಂಬತ್ತು ನಿಮಿಷಗಳಲ್ಲಿ ಗೋಲಿಲ್ಲ. ಹೆಚ್ಚುವರಿ ಅವಧಿಯ ಆರಂಭದಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಆಟಗಾರರು ಚೆಂಡಿಗೆ ಅಡ್ಡಲಾಗಿ ಸಾಲು ನಿಂತು ಗೋಡೆ ಕಟ್ಟುವ ಸಿದ್ಧತೆಯಲ್ಲಿದ್ದರು, ಗೋಲ್‌ಕೀಪರ್ ಇನ್ನೂ ಜಾಗ ಹಿಡಿದಿರಲಿಲ್ಲ. ಅಷ್ಟರಲ್ಲಿ ಬೆಂಗಳೂರಿನ ಸುನಿಲ್ ಚೆಟ್ರಿ ಚೆಂಡನ್ನು ಬಲೆಗೆ ಕಳಿಸಿಬಿಟ್ಟರು. ರೆಫರಿ ಗೋಲೆಂದು ಸೂಚಿಸಿದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಅಂಕಣದಿಂದ ಹೊರಗೆ ಕರೆದರು. ಅವರು ಮರಳಲಿಲ್ಲ. ಗೆಲುವು ಬೆಂಗಳೂರಿನದಾಯಿತು.

ನಾವು ಮೂವರೂ ಗ್ಯಾಲರಿಯಲ್ಲಿದ್ದೆವು. ಅಲ್ಲಿ ಕೂತ ಯಾರಿಗೂ, ಬೆಂಗಳೂರಿನವರಿಗಾಗಲಿ ಕೇರಳದವರಿಗಾಗಲಿ, ಏನಾಯಿತೆಂದೇ ತಿಳಿಯಲಿಲ್ಲ. ಗೋಲು ಒಪ್ಪಿದ್ದಾರೋ ಇಲ್ಲವೋ, ಪಂದ್ಯ ನಿಂತಿದೆಯೋ ಮುಗಿದಿದೆಯೋ, ಒಬ್ಬೊಬ್ಬರದು ಒಂದೊಂದು ಊಹೆ. ಪಕ್ಕದವರ ಮೊಬೈಲ್‌ಗೆ ಊರಿನಿಂದ ಕರೆ ಬಂದು, ಟಿ.ವಿಯಲ್ಲಿ ನೋಡುತ್ತಿದ್ದವರು ಹೇಳಿದ ಮೇಲೆ ಅಷ್ಟಿಷ್ಟು ಗೊತ್ತಾಯಿತು. ಟಿಕೆಟ್ ಕೊಂಡು ಮೈದಾನಕ್ಕೆ ಬಂದವರು ತಮ್ಮ ಕಣ್ಣೆದುರಿನ ಘಟನೆಯನ್ನು ಬೇರೆ ಊರಿನವರಿಂದ ಕೇಳಿ ತಿಳಿಯಬೇಕಾಯಿತು.

ನಿಯಮ ಏನು ಹೇಳುತ್ತದೆ? ಫ್ರೀ ಕಿಕ್ ಪಡೆದ ತಂಡ ಎದುರಾಳಿ ಸಜ್ಜಾಗುವ ಮೊದಲೇ ಬೇಗನೆ ಒದೆಯಬಹುದು. ತಪ್ಪು ಮಾಡಿದ ತಂಡಕ್ಕೆ ಗೋಡೆ ಕಟ್ಟಿಕೊಳ್ಳಲು ಸಮಯ ಕೊಡಲೇಬೇಕೆಂದು ಎಲ್ಲಿಯೂ ಇಲ್ಲ. ಆದರೆ ಒದೆಯುವ ತಂಡ ‘ಅವರನ್ನು 9.15 ಮೀಟರ್ ಹಿಂದೆ ಸರಿಸಿ’ ಎಂದು ಕೇಳಿ, ರೆಫರಿ ಆ ಕೆಲಸಕ್ಕೆ ಇಳಿದರೆ, ಆಮೇಲೆ ಸೀಟಿ ಊದಿದ ನಂತರವೇ ಆಟ ಮುಂದುವರಿಯಬೇಕು. ಇಡೀ ವಿವಾದದ ತಿರುಳು ಇಷ್ಟೇ. ತನಗೆ ಸೀಟಿಯೂ ಬೇಡ, ಗೋಡೆ ಸರಿಸುವುದೂ ಬೇಡ ಎಂದು ರೆಫರಿಗೆ ಹೇಳಿದ್ದೆನೆಂದು ಚೆಟ್ರಿ ಪಂದ್ಯದ ನಂತರ ತಿಳಿಸಿದರು. ರೆಫರಿ ತಮ್ಮನ್ನು ಹಿಂದೆ ಸರಿಸುತ್ತಿದ್ದರು, ಆದ್ದರಿಂದ ಸೀಟಿಗಾಗಿ ಕಾದೆವು ಎಂಬುದು ಕೇರಳದ ಕಡೆಯ ವಾದ.

ಅಳಿಯ ಆ ವಿಡಿಯೊ ತುಣುಕನ್ನು ನನಗೆ ಮತ್ತೆ ಮತ್ತೆ ತೋರಿಸಿದ್ದಾನೆ. ‘ಅಮ್ಮ, ನೀವೇ ರೆಫರಿ ಆಗಿದ್ದವರು, ನೀವೇ ಹೇಳಿ’ ಎನ್ನುತ್ತಾನೆ. ಅಲ್ಲಿ ಚೆಂಡು ಕಾಣುತ್ತದೆ, ಕಾಲು ಕಾಣುತ್ತದೆ, ರೆಫರಿಯ ಕೈಸನ್ನೆ ಕಾಣುತ್ತದೆ. ಆದರೆ ವಿವಾದ ಇರುವುದು ಚೆಂಡಿನ ಬಗ್ಗೆಯಲ್ಲ. ರೆಫರಿ ಮತ್ತು ಆಟಗಾರನ ನಡುವೆ ನಡೆದ ನಾಲ್ಕು ಮಾತಿನ ಬಗ್ಗೆ. ಎಷ್ಟೇ ಕ್ಯಾಮೆರಾ ಇಟ್ಟರೂ ಆ ಮಾತು ಚಿತ್ರದಲ್ಲಿ ಸಿಗುವುದಿಲ್ಲ. ಅದನ್ನು ರೆಫರಿಯೇ ಹೇಳಬೇಕು. ನಾನು ಆ ಗೋಲು ಸರಿ ಎಂದೇ ಇಂದಿಗೂ ವಾದಿಸುತ್ತೇನೆ. ಆದರೆ ನನ್ನ ವಾದಕ್ಕೆ ಆಧಾರ ನಿಯಮ ಪುಸ್ತಕ ಮತ್ತು ಚೆಟ್ರಿಯ ಹೇಳಿಕೆ ಮಾತ್ರ. ರೆಫರಿಯ ಬಾಯಿಂದ ಬಂದ ಒಂದು ವಾಕ್ಯವೂ ಅಭಿಮಾನಿಗಳ ಕೈಯಲ್ಲಿಲ್ಲ.

ನಂತರ ಬಂದದ್ದು ಶಿಕ್ಷೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಶಿಸ್ತು ಸಮಿತಿ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ವಿಧಿಸಿತು, ಬಹಿರಂಗ ಕ್ಷಮೆ ಕೇಳದಿದ್ದರೆ 6 ಕೋಟಿ ಎಂದಿತು. ಕೋಚ್‌ಗೆ 10 ಪಂದ್ಯಗಳ ನಿಷೇಧ. ಅಂಕಣ ಬಿಟ್ಟು ಹೋದವರಿಗೆ ಶಿಕ್ಷೆ ಆಗಲೇಬೇಕಿತ್ತು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ತೀರ್ಪಿನ ಹಿಂದಿನ ಕಾರಣವನ್ನು ಮರುದಿನವೇ ಬಿಡಿಸಿ ಹೇಳಿದ್ದರೆ ಅಷ್ಟು ದೊಡ್ಡ ಕೋಪ ತಿಂಗಳುಗಟ್ಟಲೆ ಹೊಗೆಯಾಡುತ್ತಿತ್ತೇ? ಆ ರೆಫರಿಯ ಹೆಸರನ್ನು ನಾನಿಲ್ಲಿ ಬೇಕೆಂದೇ ಬರೆಯುತ್ತಿಲ್ಲ. ಅವರಿಗೆ ಬಿದ್ದ ಬೈಗುಳ ಸಾಕಷ್ಟಾಗಿದೆ. ತನ್ನ ಪರವಾಗಿ ಬಾಯಿ ಬಿಡಲು ಅವಕಾಶವಿಲ್ಲದವನನ್ನು ಬೈಯುವುದು ಬಹಳ ಸುಲಭ.

ಇನ್ನು ಕ್ಯಾಮೆರಾದಿಂದಲೇ ತೀರಬಹುದಾಗಿದ್ದ ಅನ್ಯಾಯಗಳಿವೆ. ಅವುಗಳ ನೋವು ಬೇರೆಯೇ. 2024ರ ಜೂನ್ 11ರಂದು ದೋಹಾದಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ. ಚೆಟ್ರಿ ಕೋಲ್ಕತ್ತದಲ್ಲಿ ಭಾರತದ ಅಂಗಿ ಕಳಚಿಟ್ಟು ವಾರವೂ ಆಗಿರಲಿಲ್ಲ. ಬೆಂಗಳೂರಿನ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ನಾಯಕ. ಲಾಲಿಯನ್ಜುವಾಲಾ ಛಾಂಗ್ಟೆ ಹೊಡೆದ ಗೋಲಿನಿಂದ ಭಾರತ ಕತಾರ್ ನೆಲದಲ್ಲಿ ಮುಂದಿತ್ತು. ಹಾಗೆಯೇ ಗೆದ್ದಿದ್ದರೆ ಮೂರನೇ ಸುತ್ತಿಗೆ ಹೋಗುತ್ತಿದ್ದೆವು. 73ನೇ ನಿಮಿಷದಲ್ಲಿ ಕತಾರ್ ಆಟಗಾರನ ಹೆಡರನ್ನು ಸಂಧು ತಡೆದರು, ಚೆಂಡು ಉರುಳಿ ಗೋಲಿನ ಪಕ್ಕದ ಗೆರೆಯನ್ನು ಪೂರ್ತಿ ದಾಟಿತು. ಹೊರಹೋದ ಚೆಂಡನ್ನು ಒಬ್ಬ ಒಳಗೆಳೆದ, ಯೂಸೆಫ್ ಐಮನ್ ಬಲೆಗೆ ತಳ್ಳಿದರು. ನಮ್ಮವರು ಕಾರ್ನರ್ ಎಂದುಕೊಂಡು ನಿಂತೇಬಿಟ್ಟಿದ್ದರು. ರೆಫರಿ ಗೋಲು ಕೊಟ್ಟರು. ಆಮೇಲೆ ಇನ್ನೊಂದು ಗೋಲು ಬಿದ್ದು 2–1ರಿಂದ ಸೋತೆವು.

ಅರ್ಹತಾ ಟೂರ್ನಿಯ ಆ ಸುತ್ತಿನಲ್ಲಿ ವಿಎಆರ್ ಇರಲಿಲ್ಲ. ಇದ್ದಿದ್ದರೆ ಅರ್ಧ ನಿಮಿಷದ ಕೆಲಸ. ಫೆಡರೇಷನ್ ಫಿಫಾಕ್ಕೆ, ಏಷ್ಯಾ ಒಕ್ಕೂಟಕ್ಕೆ ದೂರು ಕೊಟ್ಟಿತು, ಫಲಿತಾಂಶ ಬದಲಾಗಲಿಲ್ಲ. ನಿಯಮದ ಪ್ರಕಾರ ಆಟದ ಘಟನೆಗಳ ಮೇಲೆ ರೆಫರಿಯ ತೀರ್ಪೇ ಅಂತಿಮ. ಆದ್ದರಿಂದಲೇ ತಿದ್ದುವುದಿದ್ದರೆ ಅಂಕಣದಲ್ಲಿ, ಆ ಕ್ಷಣದಲ್ಲೇ ತಿದ್ದಬೇಕು. ಆ ರಾತ್ರಿ ನಮ್ಮ ಮನೆಯಲ್ಲಿ ಬೆಂಗಳೂರು, ಕೇರಳ ಎಂಬ ಪಕ್ಷಗಳಿರಲಿಲ್ಲ.

ಗೋವಾದ ಫತೋರ್ಡಾ ಕ್ರೀಡಾಂಗಣದ ಕಥೆಯೂ ಇದೇ ಸಾಲಿನದು. 2023ರ ಮಾರ್ಚ್ 18ರ ಐಎಸ್‌ಎಲ್ ಫೈನಲ್‌ನಲ್ಲಿ ಬೆಂಗಳೂರು 2–1ರಿಂದ ಮುಂದಿದ್ದಾಗ, 85ನೇ ನಿಮಿಷದ ಹೊತ್ತಿಗೆ ನಮ್ಮ ಪಾಬ್ಲೊ ಪೆರೆಜ್ ಎಟಿಕೆ ಮೋಹನ್ ಬಾಗನ್‌ನ ಕಿಯಾನ್ ನಾಸಿರಿಯನ್ನು ಬೀಳಿಸಿದರು. ಫೌಲ್ ಹೌದು. ಆದರೆ ಅದು ಪೆನಾಲ್ಟಿ ಆವರಣದ ಒಳಗೋ ಹೊರಗೋ? ನನ್ನ ಕಣ್ಣಿಗೆ ಹೊರಗೆ. ಪೆನಾಲ್ಟಿ ಸಿಕ್ಕಿತು, ಬಾಗನ್‌ನ ಪೆಟ್ರಟೋಸ್ ಸಮ ಮಾಡಿದರು, ಕೊನೆಗೆ ಶೂಟೌಟ್‌ನಲ್ಲಿ ಸೋತೆವು. ವಿಎಆರ್ ಬೇಕೆಂದು ಅಂದೇ ಬೆಂಗಳೂರು ತಂಡದ ಮಾಲೀಕ ಪಾರ್ಥ್ ಜಿಂದಾಲ್ ಬಹಿರಂಗವಾಗಿ ಬರೆದರು. ಫೆಡರೇಷನ್ ಅಧ್ಯಕ್ಷ ಕಲ್ಯಾಣ್ ಚೌಬೆ ಕಡಿಮೆ ಖರ್ಚಿನ ‘ವಿಎಆರ್ ಲೈಟ್’ ತರುವ ಮಾತನ್ನೂ ಆಡಿದರು. 2024–25ರ ಋತು ಮುಗಿಯುವವರೆಗೂ ಐಎಸ್‌ಎಲ್‌ಗೆ ಯಾವ ವಿಡಿಯೊ ಪರಿಶೀಲನೆಯೂ ಬರಲಿಲ್ಲ.

ಹಾಗಾದರೆ ವಿಎಆರ್ ಬಂದ ದೇಶಗಳಲ್ಲಿ ಅಭಿಮಾನಿಗಳು ಸುಖವಾಗಿದ್ದಾರೆಯೇ? ಇಲ್ಲ. 2018ರಲ್ಲಿ ನಿಯಮ ಪುಸ್ತಕಕ್ಕೆ ಸೇರಿದ ಈ ವ್ಯವಸ್ಥೆ ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್, ತಪ್ಪು ಆಟಗಾರನಿಗೆ ಕಾರ್ಡ್ ಎಂಬ ನಾಲ್ಕು ಸಂದರ್ಭಗಳಿಗೆ, ಅದೂ ಎದ್ದು ಕಾಣುವ ತಪ್ಪಿಗೆ ಮಾತ್ರ ಎಂದು ಶುರುವಾಯಿತು. ನಾರ್ವೆಯಲ್ಲಿ 2024ರ ಜುಲೈನಲ್ಲಿ ರೋಸೆನ್‌ಬೋರ್ಗ್–ಲಿಲ್ಲೆಸ್ಟ್ರೋಮ್ ಪಂದ್ಯದ ವೇಳೆ ವಿಎಆರ್ ವಿರೋಧಿಸಿ ಪ್ರೇಕ್ಷಕರು ಮೀನಿನ ಖಾದ್ಯವನ್ನು ಅಂಕಣಕ್ಕೆ ಎಸೆದರು, ಪಂದ್ಯವನ್ನೇ ಕೈಬಿಡಬೇಕಾಯಿತು. ಸ್ವೀಡನ್‌ನಲ್ಲಿ ಕ್ಲಬ್‌ಗಳ ಬಹುಪಾಲು ಹಿಡಿತ ಸದಸ್ಯರ ಕೈಯಲ್ಲಿದೆ, ಅವರು ಬೇಡವೆಂದರು, ಬರಲಿಲ್ಲ. ಇಂಗ್ಲೆಂಡ್‌ನಲ್ಲಿ ವುಲ್ವ್ಸ್ ಕ್ಲಬ್ ವಿಎಆರ್ ತೆಗೆದುಹಾಕಿ ಎಂದು 2024ರಲ್ಲಿ ಮತಕ್ಕೆ ಹಾಕಿಸಿತು. 19 ಕ್ಲಬ್‌ಗಳು ಒಪ್ಪಲಿಲ್ಲ. ಅಲ್ಲಿನ ಜನರ ದೂರು ನ್ಯಾಯವಾದದ್ದೇ. ಗೋಲಾದಾಗ ಮನಸಾರೆ ಕೂಗುವಂತಿಲ್ಲ, ನಿಮಿಷಗಟ್ಟಲೆ ಕಾಯಬೇಕು, ಯಾಕೆ ಕಾಯುತ್ತಿದ್ದೇವೆಂದು ಮೈದಾನದಲ್ಲಿದ್ದವರಿಗೇ ಗೊತ್ತಿರುವುದಿಲ್ಲ.

ಆದರೆ ಅದೇ ಇಂಗ್ಲೆಂಡ್‌ನಿಂದ ಒಂದು ಒಳ್ಳೆಯ ಪಾಠವೂ ಸಿಕ್ಕಿದೆ. 2023ರ ಸೆಪ್ಟೆಂಬರ್ 30ರಂದು ಟಾಟೆನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಹೊಡೆದ ಸರಿಯಾದ ಗೋಲು ರದ್ದಾಯಿತು. ಅಂಕಣದಲ್ಲಿ ಆಫ್‌ಸೈಡ್ ಎಂದಿದ್ದರು. ವಿಡಿಯೊ ಕೊಠಡಿಯವರು ಅಂಕಣದಲ್ಲಿ ಗೋಲು ಕೊಟ್ಟಿದ್ದಾರೆಂದು ತಪ್ಪಾಗಿ ತಿಳಿದು, ಪರಿಶೀಲನೆ ಮುಗಿಯಿತು ಎಂದುಬಿಟ್ಟರು. ತಪ್ಪು ಅರಿವಾಗುವಷ್ಟರಲ್ಲಿ ಆಟ ಮುಂದುವರಿದಿತ್ತು. ಕೆಲವೇ ದಿನಗಳಲ್ಲಿ ಆ ಕೊಠಡಿಯ ಧ್ವನಿಮುದ್ರಣವನ್ನು ಬಹಿರಂಗ ಮಾಡಿದರು. ಕೇಳಿದವರಿಗೆ ಸಿಟ್ಟು ಬಂತು ನಿಜ. ಆದರೆ ಪಿತೂರಿ ಎಂದು ಕೂಗುತ್ತಿದ್ದವರೂ ಅಲ್ಲಿ ಕೇಳಿದ್ದು ಗಾಬರಿಗೊಂಡ ಮನುಷ್ಯರ ಧ್ವನಿಯನ್ನು. 2023ರ ಮಹಿಳಾ ವಿಶ್ವಕಪ್‌ನಲ್ಲಿ ವಿಡಿಯೊ ನೋಡಿದ ಬಳಿಕ ರೆಫರಿಯೇ ಮೈಕಿನಲ್ಲಿ ಇಡೀ ಕ್ರೀಡಾಂಗಣಕ್ಕೆ ತೀರ್ಪನ್ನೂ ಕಾರಣವನ್ನೂ ಹೇಳುತ್ತಿದ್ದರು. ಕ್ರಿಕೆಟ್‌ನಲ್ಲಿ ಮೂರನೇ ಅಂಪೈರ್‌ನ ಮಾತನ್ನು ಕೇಳಿ ಅಭ್ಯಾಸವಿರುವ ನಮ್ಮ ಪ್ರೇಕ್ಷಕರಿಗೆ ಇದು ಹೊಸದೇನಲ್ಲ.

ವಿಎಆರ್‌ಗೆ ಹಣವಿಲ್ಲ ಎಂಬ ಉತ್ತರವೂ ಇನ್ನು ನಿಲ್ಲುವುದಿಲ್ಲ. ಫಿಫಾ ‘ಫುಟ್‌ಬಾಲ್ ವಿಡಿಯೊ ಸಪೋರ್ಟ್’ ಎಂಬ ಸರಳ ಪದ್ಧತಿಯನ್ನು 2024ರಲ್ಲಿ ಕೊಲಂಬಿಯಾದ 20 ವರ್ಷದೊಳಗಿನ ಮಹಿಳೆಯರ ವಿಶ್ವಕಪ್‌ನಲ್ಲಿ ಪ್ರಯೋಗಿಸಿತು. ಪ್ರತ್ಯೇಕ ವಿಡಿಯೊ ಕೊಠಡಿ ಬೇಡ, ಅದಕ್ಕೆಂದೇ ಅಧಿಕಾರಿಗಳು ಬೇಡ, ಕೆಲವೇ ಕ್ಯಾಮೆರಾ ಸಾಕು. ಪ್ರತಿ ತಂಡದ ಕೋಚ್‌ಗೆ ಪಂದ್ಯಕ್ಕೆ ಎರಡು ಬಾರಿ ಮನವಿ ಮಾಡುವ ಅವಕಾಶ. ಮನವಿ ಸರಿಯಾಗಿದ್ದರೆ ಆ ಅವಕಾಶ ಉಳಿಯುತ್ತದೆ. ರೆಫರಿ ತಾನೇ ಬದಿಗೆ ಹೋಗಿ ಪರದೆ ನೋಡಿ ತೀರ್ಮಾನಿಸುತ್ತಾರೆ. ಫತೋರ್ಡಾದ ಪೆನಾಲ್ಟಿಗೆ ಇಷ್ಟೇ ಸಾಕಾಗಿತ್ತು. ಹೇಗಿದ್ದರೂ ಟಿ.ವಿಗೆ ಚಿತ್ರೀಕರಿಸುತ್ತಿರುವ ಐಎಸ್‌ಎಲ್ ಪಂದ್ಯಗಳಲ್ಲಿ ಇದನ್ನು ಮಾಡಲು ಆಗುವುದಿಲ್ಲವೆಂದರೆ ನಾನು ನಂಬುವುದಿಲ್ಲ.

ಅಭಿಮಾನಿಗಳಿಗೂ ಒಂದು ಮಾತು ಹೇಳಬೇಕು. ನಾವು ಹಂಚಿಕೊಳ್ಳುವ ತುಣುಕುಗಳಲ್ಲಿ ಹೆಚ್ಚಿನವು ನಿಧಾನಗತಿಯವು. ನಿಧಾನವಾಗಿ ತೋರಿಸಿದರೆ ಪ್ರತಿಯೊಂದು ತಾಗುವಿಕೆಯೂ ಬೇಕೆಂದೇ ಮಾಡಿದ ಏಟಿನಂತೆ ಕಾಣುತ್ತದೆ. ವಿಎಆರ್ ನಿಯಮಾವಳಿ ಕೂಡ, ಫೌಲ್ ಎಲ್ಲಿ ನಡೆಯಿತು, ಎಲ್ಲಿ ತಾಗಿತು, ಚೆಂಡು ಹೊರಹೋಯಿತೇ ಎಂಬುದಕ್ಕೆ ನಿಧಾನಗತಿ ಬಳಸಿ, ಏಟು ಎಷ್ಟು ಜೋರು ಎಂಬುದನ್ನು ಮಾಮೂಲಿ ವೇಗದಲ್ಲೇ ನೋಡಿ ಎನ್ನುತ್ತದೆ. ಶಾಲಾ ಪಂದ್ಯಗಳಲ್ಲೇ ಪೋಷಕರು ಮೊಬೈಲ್ ಎತ್ತಿ ಹಿಡಿದು ‘ನೋಡಿ ಮೇಡಂ, ಚೆಂಡು ಗೆರೆ ಮೇಲೆ ಇತ್ತು’ ಎಂದು ನನ್ನ ಮುಂದೆ ಬರುತ್ತಿದ್ದರು. ಗೆರೆ ಮೇಲಿದ್ದರೆ ಅದು ಗೋಲಲ್ಲ, ಪೂರ್ತಿ ದಾಟಬೇಕು ಎಂದು ಹೇಳಿದಾಗ ಅರ್ಧಕ್ಕರ್ಧ ಜನ ಅಲ್ಲೇ ತಣ್ಣಗಾಗುತ್ತಿದ್ದರು. ಎರಡೂ ತಂಡಗಳ ನಾಯಕಿಯರನ್ನು ಕರೆದು ಕಾರಣ ಹೇಳಿಯೇ ಆಟ ಮುಂದುವರಿಸುವುದು ನನ್ನ ಪದ್ಧತಿಯಾಗಿತ್ತು. ಹನ್ನೆರಡು ವರ್ಷದ ಹುಡುಗಿಯರು ಒಪ್ಪಿಕೊಳ್ಳುತ್ತಿದ್ದರು. ಸಿಟ್ಟಿನಲ್ಲೇ ಒಪ್ಪಿಕೊಳ್ಳುತ್ತಿದ್ದರು, ಆದರೆ ಒಪ್ಪಿಕೊಳ್ಳುತ್ತಿದ್ದರು.

ಈ ರೆಫರಿಗಳು ಬರುವುದು ಎಲ್ಲಿಂದ? ಜಿಲ್ಲಾ ಲೀಗ್‌ಗಳಿಂದ, ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಬಿಸಿಲಿಗೆ ಓಡಿ ಕಲಿತ ಹುಡುಗ ಹುಡುಗಿಯರಿಂದ. ತಪ್ಪಿದ ಒಂದು ಸೀಟಿಗೆ ಅಪ್ಪ ಅಮ್ಮನ ಹೆಸರು ಹಿಡಿದು ಬೈಸಿಕೊಳ್ಳಬೇಕೆಂದರೆ ಯಾರ ಮಗಳು ಈ ಕೆಲಸಕ್ಕೆ ಬರುತ್ತಾಳೆ? ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ರೆಫರಿ ತರಬೇತಿ ಪಡೆದು, ಪಂದ್ಯವೊಂದರ ನಂತರ ಗುಂಪೊಂದು ಗೇಟಿನವರೆಗೂ ಬೆನ್ನಟ್ಟಿ ಬಂದದ್ದರಿಂದ ಸೀಟಿ ಕೆಳಗಿಟ್ಟಳು. ಅವಳನ್ನು ಕಳೆದುಕೊಂಡದ್ದು ನಮ್ಮ ಫುಟ್‌ಬಾಲ್‌ಗೆ ನಷ್ಟ ಎಂದೇ ನನ್ನ ಎಣಿಕೆ. ಓಟದಲ್ಲಿ, ನಿಯಮದ ಅರಿವಿನಲ್ಲಿ ಅವಳನ್ನು ಮೀರಿಸುವವರು ಅವಳ ಗುಂಪಿನಲ್ಲಿ ಯಾರೂ ಇರಲಿಲ್ಲ.

ಆದ್ದರಿಂದ ಫೆಡರೇಷನ್ ಮತ್ತು ಲೀಗ್‌ನವರು ಮೊದಲು ಮಾಡಬೇಕಾದದ್ದು ಇದು: ವಿವಾದವಾದ ತೀರ್ಪಿನ ಬಗ್ಗೆ ಎರಡು ದಿನಗಳೊಳಗೆ, ಯಾವ ನಿಯಮದಡಿ ಏನು ತೀರ್ಮಾನಿಸಲಾಯಿತು ಎಂಬ ವಿವರಣೆ ಪ್ರಕಟಿಸಲಿ, ತಪ್ಪಾಗಿದ್ದರೆ ತಪ್ಪೆನ್ನಲಿ. ರೆಫರಿಗಳ ನಡುವಿನ ಸಂಭಾಷಣೆಯ ಧ್ವನಿಮುದ್ರಣ ಇದ್ದರೆ ಅದನ್ನೂ ಕೇಳಿಸಲಿ. ಭಾರತದ ಭಾಷೆಗಳಲ್ಲೂ ಹೇಳಲಿ. ಕಂಠೀರವದ ಗ್ಯಾಲರಿಯಲ್ಲಿ ಕೂತವರೆಲ್ಲ ಇಂಗ್ಲಿಷ್ ಓದುವವರಲ್ಲ. ಇದಕ್ಕೆ ಕ್ಯಾಮೆರಾ ಬೇಡ, ಕೋಟಿಗಳು ಬೇಡ.

ನಿಮ್ಮ ಪತ್ರಿಕೆಯಲ್ಲೂ ಒಂದು ವಿನಂತಿ. ಇಂತಹ ಪಂದ್ಯಗಳ ವರದಿಗೆ ‘ವಿವಾದಾತ್ಮಕ ಗೋಲು’ ಎಂಬ ತಲೆಬರಹ ಕೊಟ್ಟು, ಎರಡೂ ಕೋಚ್‌ಗಳ ಹೇಳಿಕೆ ಹಾಕಿ ಮುಗಿಸಬೇಡಿ. ನಿಯಮ ಬಲ್ಲ ನಿವೃತ್ತ ರೆಫರಿಗಳು ನಮ್ಮ ಊರಿನಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಒಬ್ಬರಿಂದ ಆ ತೀರ್ಪಿನ ಬಗ್ಗೆ ಹತ್ತು ಸಾಲು ಬರೆಸಿ, ವರದಿಯ ಪಕ್ಕದಲ್ಲೇ ಹಾಕಿ. ಮುಂದಿನ ಬೆಂಗಳೂರು–ಕೇರಳ ಪಂದ್ಯದಿಂದಲೇ ಇದನ್ನು ಆರಂಭಿಸಬಹುದಲ್ಲವೇ?

ಇಂತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ,
ಹಲಸೂರು, ಬೆಂಗಳೂರು